ನೋವಿಲ್ಲವೆಂದ ದಿನ

ಶೇಖವ್ವನಿಗೆ ಆ ನೋವು ಮೊದಲು ಬಂದದ್ದು ೧೯೯೫ರ ಜೂನ್ ತಿಂಗಳಲ್ಲಿ, ಕೆಲಸದ ಮೇಜಿನ ಮುಂದೆ ಕುಳಿತಿದ್ದಾಗ. ಪೀಣ್ಯದ ಎರಡನೇ ಹಂತದಲ್ಲಿ ಎಲೆಕ್ಟ್ರಿಕ್ ಸ್ವಿಚ್ಚು ತಯಾರಿಸುವ ಒಂದು ಸಣ್ಣ ಕಾರ್ಖಾನೆ. ಸ್ವಿಚ್ಚಿನೊಳಗೆ ಹಿತ್ತಾಳೆಯ ತಿರುಪು ಕೂರಿಸಿ ಬಿಗಿಯುವುದು ಅವಳ ಕೆಲಸ. ಹನ್ನೊಂದರ ಹೊತ್ತಿಗೆ ಬಲಗೈ ಮಣಿಕಟ್ಟಿನೊಳಗೆ ಯಾರೋ ಕಾಯಿಸಿದ ಸೂಜಿ ಚುಚ್ಚಿದಂತಾಯಿತು. ಸ್ಕ್ರೂಡ್ರೈವರ್ ಕೆಳಗೆ ಬಿತ್ತು. ಎತ್ತಿಕೊಳ್ಳಲು ಹೋದರೆ ಬೆರಳು ಮಡಚಲಿಲ್ಲ. ಊಟದ ಬೆಲ್ಲು ಹೊಡೆಯುವಷ್ಟರಲ್ಲಿ ನೋವು ಗಿಣ್ಣು, ಮೊಣಕೈ, ಮೊಣಕಾಲಿಗೆಲ್ಲ ಹರಡಿತ್ತು. ಹೊರಗೆ ಬಿಸಿಲು ಚೆನ್ನಾಗಿಯೇ ಇತ್ತು. ಐದಕ್ಕೆ ಪಾಳಿ ಬಿಟ್ಟಾಗ ಮಳೆ ಹೊಡೆಯಿತು. ಎರಡಕ್ಕೂ ಸಂಬಂಧವಿದೆಯೆಂದು ಅವಳಿಗೆ ಆಗ ಹೊಳೆಯಲಿಲ್ಲ. ಮಾರನೆಯ ಬೆಳಿಗ್ಗೆ ಏಳುವಾಗ ನೋವು ಇರಲೇ ಇಲ್ಲ.

ರೋಣ ತಾಲ್ಲೂಕಿನ ಒಂದು ಹಳ್ಳಿಯಿಂದ ಅವಳೂ ಗಂಡ ಸೋಮಪ್ಪನೂ ಬೆಂಗಳೂರಿಗೆ ಬಂದು ಆಗ ನಾಲ್ಕು ವರ್ಷ. ಸೋಮಪ್ಪ ಗಾರೆ ಕೆಲಸದವನು. ಲಗ್ಗೆರೆಯಲ್ಲಿ ತಗಡು ಹೊದಿಸಿದ ಒಂದು ಕೋಣೆಯ ಬಾಡಿಗೆ ಮನೆ. ಮಗಳು ಮಹಾನಂದಾ ಅಲ್ಲೇ ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ತರಗತಿ. ನೋವಿಗೂ ಮಳೆಗೂ ಇರುವ ನಂಟನ್ನು ಮೊದಲು ಕಂಡುಹಿಡಿದವಳು ಈ ಮಗಳೇ.

“ಅವ್ವಾ, ನೀ ನನಗ ಜಡಿ ಹಾಕಲಾರದ ದಿವಸ ಸಂಜಿಗೆ ಮಳಿ ಬರ್ತೈತಿ, ನೋಡಿಯೇನ?” ಎಂದಳು ಒಂದು ಬೆಳಿಗ್ಗೆ, ಬಿಚ್ಚುಗೂದಲಿಗೆ ರಬ್ಬರು ಸುತ್ತಿಕೊಳ್ಳುತ್ತ.

ಆಮೇಲೆ ಶೇಖವ್ವ ತಾನೇ ಗಮನವಿಟ್ಟು ನೋಡಿದಳು. ಮಳೆಗೆ ಮುಂಚೆ ಒಂದು ದಿನ, ಕೆಲವು ಸಲ ಅರ್ಧ ದಿನ ಮುಂಚೆ ನೋವು ಶುರುವಾಗುತ್ತಿತ್ತು. ಡಿಸೆಂಬರಿನಲ್ಲಿ ಚಳಿ ತಟ್ಟನೆ ಏರಿದರೂ ಬರುತ್ತಿತ್ತು. ಬೆಂಗಳೂರಿನ ಥಂಡಿ ಅವಳಿಗೆ ಒಗ್ಗಲಿಲ್ಲವೆಂದು ವಠಾರದವರು ಹೇಳಿದರು. ಆದರೆ ಮೇ ತಿಂಗಳಲ್ಲಿ ತಂಗಿಯ ಮದುವೆಗೆಂದು ಊರಿಗೆ ಹೋದಾಗ, ಸುಡುವ ಎರೆನೆಲದ ಮೇಲೂ, ಮುಂಗಾರಿಗೆ ಮುಂಚಿನ ಅಡ್ಡಮಳೆಯ ಹಿಂದಿನ ದಿನ ಕೀಲುಗಳು ಹಿಡಿದುಕೊಂಡವು. ಮದುಮಗಳಿಗೆ ಅರಿಶಿನ ಹಚ್ಚಲು ಅವಳ ಕೈ ಏಳಲಿಲ್ಲ. ಹಿರಿಯಕ್ಕನಿಗೆ ಹೊಟ್ಟೆಕಿಚ್ಚು ಎಂದು ಬೀಗರ ಕಡೆಯವರು ಮಾತಾಡಿಕೊಂಡರು.

ಕಾರ್ಖಾನೆಯವರು ಗೊತ್ತುಮಾಡಿದ್ದ ಡಾಕ್ಟರು ಎಕ್ಸ್‌ರೇ ತೆಗೆಸಿದರು, ರಕ್ತ ನೋಡಿಸಿದರು. ಏನೂ ಸಿಗಲಿಲ್ಲ. ಚೀಟಿ ಹಿಡಿದುಕೊಂಡು ಹೊರಗೆ ಬಂದಾಗ ಸೋಮಪ್ಪನ ಮುಖ ಅರಳಿತ್ತು. “ಏನೂ ಇಲ್ಲಂತ. ಛಲೋ ಆತು ಬಿಡು. ನಾ ಅಂಜಿದ್ದೆ,” ಎಂದು ಅಲ್ಲೇ ಗಾಡಿಯಲ್ಲಿ ಅವಳಿಗೆ ಕಬ್ಬಿನ ಹಾಲು ಕುಡಿಸಿದ. ಅವನು ಕೆಟ್ಟ ಮನುಷ್ಯನಲ್ಲ. ಏನೂ ಇಲ್ಲವೆಂದರೆ ಏನೂ ಇಲ್ಲವೆಂದೇ ತಿಳಿದ. ಶೇಖವ್ವ ಗ್ಲಾಸನ್ನು ಎರಡೂ ಅಂಗೈಗಳ ನಡುವೆ ಒತ್ತಿ ಹಿಡಿದು ಕುಡಿದಳು. ಬೆರಳಿನಿಂದ ಹಿಡಿಯಲಾಗದ್ದನ್ನು ಅವನು ನೋಡಲಿಲ್ಲ.

ಕಾರ್ಖಾನೆಯ ಸೂಪರ್‌ವೈಸರ್ ನೀಲಪ್ಪ ಮಾತ್ರ ಎಲ್ಲವನ್ನೂ ನೋಡುತ್ತಿದ್ದ. ಒಳ್ಳೆಯ ದಿನಗಳಲ್ಲಿ ಅವಳ ಮುಂದಿನ ಟ್ರೇ ಎಲ್ಲರಿಗಿಂತ ಮೊದಲು ತುಂಬುತ್ತಿತ್ತು. ಕೆಟ್ಟ ದಿನಗಳಲ್ಲಿ ಅರ್ಧವೂ ತುಂಬುತ್ತಿರಲಿಲ್ಲ. ಅದೇ ಅವನಿಗೆ ಸಾಕ್ಷಿಯಾಯಿತು.

“ನಿನ್ನೆ ಆಗಿದ್ದು ಇವತ್ತು ಯಾಕಮ್ಮ ಆಗಲ್ಲ? ಮೋಡ ಕಂಡ್ರೆ ಕುಣಿಯೋಕೆ ನೀನೇನು ನವಿಲಾ?”

ಸಾಲಿನಲ್ಲಿ ಕುಳಿತ ಹುಡುಗಿಯರು ನಕ್ಕರು. ಅಂದಿನಿಂದ ಅವಳಿಗೆ ಕಾರ್ಖಾನೆಯಲ್ಲಿ ನವಿಲಮ್ಮ ಎಂಬ ಹೆಸರು ನಿಂತಿತು.

ಅವಳ ನೋವನ್ನು ಪೂರ್ತಿಯಾಗಿ ನಂಬಿದವನು ಒಬ್ಬನೇ, ಮೇಸ್ತ್ರಿ ಸೊಣ್ಣಪ್ಪ. ಅವನು ಲಗ್ಗೆರೆಯ ಹಳಬ, ಪೀಣ್ಯದ ಶೆಡ್ಡುಗಳನ್ನು ಗುತ್ತಿಗೆಗೆ ಹಿಡಿದು ಕಟ್ಟಿಸುವವನು. ಸೋಮಪ್ಪ ಅವನ ಕೈಕೆಳಗೇ ಇದ್ದ. ಹೆಂಡತಿಯ ಕೈ ಮಳೆ ಹೇಳುತ್ತದೆಂದು ಸೋಮಪ್ಪ ಒಂದು ದಿನ ಟೀ ಕುಡಿಯುವಾಗ ತಮಾಷೆಗೆ ಹೇಳಿದ್ದ. ಸೊಣ್ಣಪ್ಪ ನಗಲಿಲ್ಲ. ತಾರಸಿಗೆ ಮೋಲ್ಡ್ ಹಾಕಿದ, ಎಂದರೆ ಕಾಂಕ್ರೀಟು ಸುರಿದ ದಿನ ಜೋರು ಮಳೆ ಬಂದರೆ ಹಸಿ ಸಿಮೆಂಟು ಕೊಚ್ಚಿಹೋಗಿ ಎಲ್ಲ ಹಾಳು. ಮಾರನೆಯ ಸಂಜೆಯೇ ಅವನು ಮೊಪೆಡ್ ಏರಿ ವಠಾರಕ್ಕೆ ಬಂದ. ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು.

“ಶೇಖಮ್ಮ, ನಾಳೆ ಒಂದು ಮೋಲ್ಡ್ ಐತೆ. ಕೈ ಏನನ್ನುತ್ತೆ?”

ನೋವಿದೆ ಎಂದಳು ಶೇಖವ್ವ. ಸೊಣ್ಣಪ್ಪ ಕೆಲಸ ಮುಂದಕ್ಕೆ ಹಾಕಿದ. ಮಾರನೆಯ ಮಧ್ಯಾಹ್ನ ಆಲಿಕಲ್ಲು ಬಿತ್ತು. ಆ ಮಳೆಗಾಲದಲ್ಲಿ ಅವನು ಆರೇಳು ಸಲ ಬಂದ. ಒಂದು ಸಲವೂ ಅವಳ ಮಾತು ತಪ್ಪಲಿಲ್ಲ.

ಮೊದಮೊದಲು ಅವಳಿಗೆ ಒಂದು ಬಗೆಯ ಸಮಾಧಾನವಿತ್ತು. ಕಾರ್ಖಾನೆಯವರು ಸುಳ್ಳೆನ್ನುವ ನೋವನ್ನು ನೆಚ್ಚಿ ಒಬ್ಬ ಗುತ್ತಿಗೆದಾರ ತನ್ನ ಕೆಲಸ ನಿಲ್ಲಿಸುತ್ತಾನಲ್ಲ ಎಂದುಕೊಳ್ಳುತ್ತಿದ್ದಳು. ಬರುಬರುತ್ತ ಇನ್ನೊಂದು ಕಣ್ಣಿಗೆ ಬಿತ್ತು. ನೋವಿಲ್ಲವೆಂದರೆ ಸೊಣ್ಣಪ್ಪ “ಸರಿ” ಎಂದು ಮೊಪೆಡ್ ತಿರುಗಿಸುತ್ತಿದ್ದ. ನೋವಿದೆ ಎಂದರೂ ಅದೇ “ಸರಿ.” ಎಷ್ಟು ನೋವು, ರಾತ್ರಿ ನಿದ್ದೆ ಬರುತ್ತದೆಯೇ, ರೊಟ್ಟಿ ತಟ್ಟಲು ಕೈ ಏಳುತ್ತದೆಯೇ ಎಂದು ಅವನು ಒಮ್ಮೆಯೂ ಕೇಳಲಿಲ್ಲ.

ಮುಂದಿನ ವರ್ಷದ ಮಳೆಗಾಲ ಬಿಡುವಿಲ್ಲದಂತೆ ಹಿಡಿಯಿತು. ಸೆಪ್ಟೆಂಬರ್ ಒಂದರಲ್ಲೇ ಶೇಖವ್ವ ಒಂಬತ್ತು ದಿನ ಕೆಲಸ ತಪ್ಪಿಸಿದಳು. ನೀಲಪ್ಪ ಅವಳನ್ನು ಆಫೀಸಿಗೆ ಕರೆಸಿದ.

“ನೋಡಮ್ಮ, ನಾನು ಕೆಟ್ಟೋನಲ್ಲ. ಏನು ಕಾಯಿಲೆ ಅಂತ ದೊಡ್ಡ ಡಾಕ್ಟ್ರ ಹತ್ರ ಬರೆಸ್ಕೊಂಡು ಬಾ. ಹೆಸರಿರೋ ಕಾಯಿಲೆ ಆದ್ರೆ ಓನರ್ ಹತ್ರ ಮಾತಾಡ್ತೀನಿ. ಹೆಸರಿಲ್ದಿದ್ರೆ ನಂಗೂ ಕಷ್ಟ.”

ನಗರದ ಒಂದು ದೊಡ್ಡ ಆಸ್ಪತ್ರೆಗೆ ಗಂಡಹೆಂಡತಿ ಎರಡು ಬಸ್ಸು ಬದಲಿಸಿ ಹೋದರು. ಅಲ್ಲಿನ ಡಾಕ್ಟರು ಹೇಮಲತಾ ದಾವಣಗೆರೆಯ ಕಡೆಯವರು, ಇನ್ನೂ ಚಿಕ್ಕ ವಯಸ್ಸು. ಅವಳ ಒಂದೊಂದು ಬೆರಳನ್ನೂ ಹಿಡಿದು, ಮಡಚಿ, ಎಲ್ಲಿ ಎಷ್ಟು ನೋಯುತ್ತದೆಂದು ಕೇಳಿದರು. ಹಾಗೆ ಕೇಳಿದವರು ಅವರೇ ಮೊದಲು. ಶೇಖವ್ವನ ಕಣ್ಣು ತುಂಬಿಬಂತು.

“ಎಕ್ಸ್‌ರೇ ಸರಿ ಇದೆ, ರಕ್ತ ಸರಿ ಇದೆ. ಹಾಗಂತ ನಿಮ್ಮ ನೋವು ಸುಳ್ಳು ಅಂತ ನಾನು ಹೇಳಲ್ಲ. ಏನು ಅಂತ ನನಗೆ ಗೊತ್ತಾಗ್ತಿಲ್ಲ, ಅಷ್ಟೇ.”

“ಅದನ್ನ ಬರದು ಕೊಡ್ರಿ ಅಕ್ಕಾರ.”

“ಗೊತ್ತಿಲ್ಲ ಅಂತ ಬರೆದ್ರೆ ಅವರು ಒಪ್ಪಲ್ಲಮ್ಮ,” ಎಂದ ಡಾಕ್ಟರು ಸೋಮಪ್ಪನ ಕಡೆ ತಿರುಗಿದರು. “ನೀವು ಜೊತೆಗಿರೋರು. ಮನೇಲಿ ಹೇಗಿರ್ತಾರೆ? ನೀವೇನು ನೋಡಿದೀರಿ?”

ಶೇಖವ್ವನೂ ಗಂಡನ ಮುಖ ನೋಡಿದಳು. ನಸುಕಿನಲ್ಲಿ ಎದ್ದು ಗೋಡೆ ಹಿಡಿದು ನಡೆದದ್ದು, ಸೀರೆಯ ನಿರಿಗೆ ಸಿಕ್ಕಿಸಲು ಮಗಳನ್ನು ಕರೆದದ್ದು ಎಲ್ಲ ಅವನ ಕಣ್ಣೆದುರೇ ನಡೆದಿತ್ತು. ಸೋಮಪ್ಪ ಟೋಪಿಯನ್ನು ಕೈಯಲ್ಲಿ ತಿರುಗಿಸಿದ. ದೊಡ್ಡವರೆದುರು ಮಾತಾಡುವುದೆಂದರೆ ಅವನಿಗೆ ಮೊದಲಿಂದಲೂ ಮುಜುಗರ.

“ಅಂಥಾದ್ದೇನಿಲ್ರಿ ಮೇಡಂ. ಮನಸ್ಸಿಗೆ ಹಚ್ಕೊಂಡಾಳ, ಅಷ್ಟ. ಕೆಲಸದ ಬ್ಯಾಸರಕಿ ಇರಬೇಕ್ರಿ.”

ಡಾಕ್ಟರು ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಎರಡು ಸಾಲು ಬರೆದರು. ಮಾರನೆಯ ದಿನ ನೀಲಪ್ಪ ಅದನ್ನು ಓದಿ ಮಡಚಿ ವಾಪಸು ಕೊಟ್ಟ. “ಇದ್ರಲ್ಲಿ ಮನಸ್ಸಿನ ತೊಂದರೆ ಇರ್ಬೋದು ಅಂತ ಬರ್ದವ್ರಲ್ಲಮ್ಮ. ಗಂಡನೇ ಹೇಳಿದಾನಂತೆ.” ಒಂದನೇ ತಾರೀಖಿನಿಂದ ಬರುವುದು ಬೇಡವೆಂದ.

ಶೇಖವ್ವ ಗಂಡನೊಡನೆ ಜಗಳವಾಡಲಿಲ್ಲ. ನೇರವಾಗಿ ಸೊಣ್ಣಪ್ಪನ ಮನೆಗೆ ನಡೆದುಹೋದಳು. ಕಾರ್ಖಾನೆಯ ಗೋಡೌನು ಕಟ್ಟಿದವನು ಅವನೇ. ಮಾಲೀಕನ ಪರಿಚಯ ಚೆನ್ನಾಗಿತ್ತು.

“ಅಣ್ಣಾರ, ನನ್ನ ಬ್ಯಾನಿ ಖರೇ ಐತಿ ಅನ್ನೂದು ನಿಮಗ ಗೊತ್ತೈತಿ. ಒಮ್ಮೆರ ತಪ್ಪೈತೇನ್ರಿ? ಮಾಲಕರ ಮುಂದ ಒಂದು ಮಾತು ಹೇಳ್ರಿ.”

ಸೊಣ್ಣಪ್ಪ ಬಾಯಿಯ ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದ.

“ಅದೆಂಗಮ್ಮ ಹೇಳ್ಲಿ? ಹೆಂಗಸಿನ ಕೈ ನೋವು ಕೇಳ್ಕೊಂಡು ಮೋಲ್ಡ್ ಹಾಕ್ತೀನಿ ಅಂದ್ರೆ ನಗ್ತಾರೆ ನನ್ನ. ನಾಳೆ ಯಾರು ಕೆಲಸ ಕೊಡ್ತಾರೆ? ಸಮಾಧಾನ ಮಾಡ್ಕೊ. ಬೇರೆ ಕಡೆ ನೋಡಾಣ.”

ಅವನ ಹೆಂಡತಿ ಟೀ ತಂದಳು. ಶೇಖವ್ವ ಕುಡಿಯದೆ ಎದ್ದು ಬಂದಳು.

ಹದಿನೈದು ದಿನ ಕಳೆದ ಮೇಲೆ, ಅಕ್ಟೋಬರಿನಲ್ಲಿ, ಏನೂ ಆಗಿಲ್ಲವೆಂಬಂತೆ ಸೊಣ್ಣಪ್ಪನ ಮೊಪೆಡ್ ವಠಾರದ ಮುಂದೆ ನಿಂತಿತು. ಮತ್ತೆ ಬಾಳೆಹಣ್ಣು. ಪೀಣ್ಯದಲ್ಲಿ ಅವನು ಈವರೆಗೆ ಹಿಡಿದ ಕೆಲಸಗಳಲ್ಲೆಲ್ಲ ದೊಡ್ಡದಾದ ತಾರಸಿ, ನಾಳೆ ಬೆಳಿಗ್ಗೆ ಏಳಕ್ಕೆ ಶುರು. ಆಕಾಶದಲ್ಲಿ ಒಂದು ಮೋಡವಿರಲಿಲ್ಲ. ಶೇಖವ್ವನ ಕೀಲುಗಳಲ್ಲಿ ಮಾತ್ರ ಬೆಂಕಿ ಬಿದ್ದಿತ್ತು. ಬೆಳಗಿನಿಂದ ಅವಳು ಒಂದು ಲೋಟ ಎತ್ತಿರಲಿಲ್ಲ. ಸೋಮಪ್ಪ ಬಾಗಿಲಲ್ಲಿ ಕೂತು ಕಾಲು ತೊಳೆಯುತ್ತಿದ್ದ.

“ಏನಮ್ಮ, ಕೈ ಹೆಂಗೈತೆ?”

ಶೇಖವ್ವ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಹೇಳಿದಳು: “ಏನೂ ಇಲ್ಲರಿ. ಹಗೂರ ಅದಾವ.”

ಮಾರನೆಯ ದಿನ ಮಧ್ಯಾಹ್ನ ಎರಡೂವರೆಗೆ ತಗಡಿನ ಮೇಲೆ ಮೊದಲ ಹನಿಗಳು ಬಿದ್ದವು. ಐದು ನಿಮಿಷದಲ್ಲಿ ಎದುರುಮನೆ ಕಾಣದಷ್ಟು ಮಳೆ. ಆ ಗಳಿಗೆಗಾಗಿಯೇ ಅವಳು ಬೆಳಗಿನಿಂದ ಕಾದಿದ್ದಳು. ಸೊಣ್ಣಪ್ಪ ತಲೆಯ ಮೇಲೆ ಕೈಹೊತ್ತು ನಿಲ್ಲುವುದನ್ನು ಮನಸ್ಸಿನಲ್ಲೇ ಹಲವು ಸಲ ನೋಡಿದ್ದಳು. ಈಗ ಕಣ್ಣೆದುರಿಗೆ ಬಂದದ್ದು ಅಂಗಳದ ತಂತಿಯ ಮೇಲೆ ನೆನೆಯುತ್ತಿದ್ದ ಪಕ್ಕದ ಮನೆಯ ರಾಮಮ್ಮನ ಸೀರೆ. ರಾಮಮ್ಮ ಸೊಣ್ಣಪ್ಪನ ಗುಂಪಿನಲ್ಲೇ ಜಲ್ಲಿ ಸಿಮೆಂಟಿನ ಬಾಂಡ್ಲಿ ಹೊರುವವಳು, ಈಗ ಆ ತಾರಸಿಯ ಏಣಿಯ ಮೇಲಿರುವವಳು. ಶೇಖವ್ವ ಹೊರಗೆ ಓಡಿ, ಮಡಚದ ಬೆರಳುಗಳಿಂದಾಗದೆ, ಎರಡು ಮೊಣಕೈಗಳ ನಡುವೆ ಹಿಸುಕಿ ಆ ಸೀರೆಯನ್ನು ಎಳೆದುಕೊಂಡು ಬಂದಳು.

ಸೋಮಪ್ಪ ಸಂಜೆ ಬಂದಾಗ ಮೊಣಕಾಲಿನವರೆಗೆ ಸಿಮೆಂಟು ಅಂಟಿತ್ತು. ಟಾರ್ಪಾಲು ಗಾಳಿಗೆ ಹಾರಿಹೋಯಿತೆಂದೂ, ಅರ್ಧ ತಾರಸಿಯ ಸಿಮೆಂಟು ತೊಳೆದುಹೋಗಿ ಜಲ್ಲಿ ಎದ್ದು ಕಾಣುತ್ತಿದೆಯೆಂದೂ ಹೇಳಿದ. ಹೇಳುತ್ತಿದ್ದವನು ತಟ್ಟನೆ ನಿಲ್ಲಿಸಿದ. ಒಲೆ ಹೊತ್ತಿರಲಿಲ್ಲ. ಮುಚ್ಚಳ ತೆರೆಯಲಾಗದ ಹಿಟ್ಟಿನ ಡಬ್ಬಿ ನೆಲದ ಮೇಲೆ ಬಿದ್ದಿತ್ತು. ಅವನು ಅವಳ ಕೈಗಳನ್ನು ನೋಡಿದ. ಗಿಣ್ಣುಗಳು ಬಾತು ಕೆಂಪಾಗಿದ್ದವು.

“ನಿನ್ನಿ ಬ್ಯಾನಿ ಇತ್ತಲ್ಲ ನಿನಗ?”

“ಇತ್ತು.”

“ಮತ್ತ ಯಾಕ ಹೇಳಲಿಲ್ಲ?”

“ನೀವ ಹೇಳಿದ್ರಲ್ಲ ಡಾಕ್ಟರ ಮುಂದ, ಅಂಥಾದ್ದೇನಿಲ್ಲ ಅಂತ. ಅದನ್ನ ನಾನೂ ಹೇಳಿದ್ನಿ.”

ಸೋಮಪ್ಪನ ಮುಖ ಕಪ್ಪಾಯಿತು. “ಸುಳ್ಳ ಹೇಳಿ ಹದಿನಾರ ಮಂದಿ ಹೊಟ್ಟಿ ಮ್ಯಾಲ ಹೊಡದಿ. ಅಷ್ಟು ಬ್ಯಾನಿ ಇಟ್ಕೊಂಡು ಹೆಂಗ ಕುಂತಿದ್ದಿ ನೀ? ಮನಷ್ಯಾಳ ಏನು?”

ಎರಡು ವರ್ಷದಲ್ಲಿ ಅವನು ಅವಳ ನೋವನ್ನು ನಿಜವೆಂದು ಒಪ್ಪಿದ್ದು ಇದೇ ಮೊದಲು. ಒಪ್ಪಿದ್ದು ಬೈಯುವುದಕ್ಕೆ. ಶೇಖವ್ವನಿಗೆ ನಗು ಬಂತು. ನಗುವನ್ನು ಕಂಡು ಸೋಮಪ್ಪ ಊಟವಿಲ್ಲದೆ ಹೊರಗೆ ಹೋಗಿಬಿಟ್ಟ. ಮಹಾನಂದಾ ಪಕ್ಕದ ಮನೆಯಿಂದ ಎರಡು ರೊಟ್ಟಿ ಕೇಳಿ ತಂದಳು.

ತಾರಸಿಯನ್ನು ಒಡೆದು ಮತ್ತೆ ಹಾಕಬೇಕಾಯಿತು. ಆ ಜಾಗದ ಮಾಲೀಕ ಸೊಣ್ಣಪ್ಪನನ್ನು ಬಿಡಿಸಿ ಬೇರೊಬ್ಬನಿಗೆ ಕೆಲಸ ಕೊಟ್ಟ. ಗುಂಪಿನ ಹದಿನಾರು ಜನ ಮೂರು ವಾರ ಮನೆಯಲ್ಲಿ ಕೂತರು. ಮೇಸ್ತ್ರಿ ಮಾತ್ರ ಹೆಚ್ಚು ದಿನ ಕೂರಲಿಲ್ಲ. ದೀಪಾವಳಿಯ ಹೊತ್ತಿಗೆ ಇನ್ನೊಂದು ಗುತ್ತಿಗೆ ಹಿಡಿದಿದ್ದ. ಶೇಖಮ್ಮನದ್ದೆಲ್ಲ ಮೊದಲಿಂದಲೂ ನಾಟಕ, ಏನೋ ನಾಲ್ಕು ಸಲ ಕತ್ತಲಲ್ಲಿ ಎಸೆದ ಕಲ್ಲು ತಗುಲಿದಂಗೆ ನಿಜವಾಗಿತ್ತು ಎಂದು ಟೀ ಅಂಗಡಿಯಲ್ಲಿ ಹೇಳುತ್ತಿದ್ದನಂತೆ.

ಶೇಖವ್ವನಿಂದ ಒಳಗಿಟ್ಟುಕೊಳ್ಳಲಾಗಲಿಲ್ಲ. ಒಂದು ದಿನ ರಾಮಮ್ಮ ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದಾಗ ಎದುರಿಗೆ ಕೂತು ಎಲ್ಲವನ್ನೂ ಹೇಳಿದಳು. ರಾಮಮ್ಮ ಮೊರ ಕೆಳಗಿಟ್ಟಳು.

“ಸೊಣ್ಣಪ್ಪನ ಮೇಲೆ ಸಿಟ್ಟಿದ್ರೆ ಅವನ ಮಖಕ್ಕೆ ಹೇಳ್ಬೇಕಿತ್ತು ಕಣಕ್ಕ. ಅವತ್ತೂ ಅವ್ನು ಶೆಡ್ಡೊಳಗೆ ನೆರಳಲ್ಲೇ ನಿಂತಿದ್ದ. ನೆಂದಿದ್ದು ನಾವು.”

ಆಮೇಲೆ ರಾಮಮ್ಮ ಅವಳೊಡನೆ ಮಾತಾಡಲಿಲ್ಲ. ಜಗಳವೂ ಆಡಲಿಲ್ಲ. ನಲ್ಲಿಯ ಹತ್ತಿರ ಎದುರಾದರೆ ತನ್ನ ಕೊಡವನ್ನು ಪಕ್ಕಕ್ಕೆ ಸರಿಸಿ ಜಾಗ ಬಿಡುತ್ತಿದ್ದಳು, ಅಷ್ಟೇ. ಬೈದಿದ್ದರೆ ವಾಸಿಯಿತ್ತು ಎಂದು ಶೇಖವ್ವನಿಗೆ ಎಷ್ಟೋ ಸಲ ಅನ್ನಿಸಿತು.

ಸೋಮಪ್ಪ ಎಲೆಕ್ಟ್ರಾನಿಕ್ ಸಿಟಿಯ ಕಡೆ ಬೇರೊಬ್ಬ ಮೇಸ್ತ್ರಿಯ ಹತ್ತಿರ ಸೇರಿದ. ನಸುಕಿನ ಬಸ್ಸಿಗೆ ಹೋದರೆ ಕತ್ತಲಾದ ಮೇಲೆ ಬರುತ್ತಾನೆ. ಶೇಖವ್ವ ಮನೆಯಲ್ಲೇ ಊದುಬತ್ತಿ ಹೊಸೆಯುತ್ತಾಳೆ. ಕೈ ನಡೆದ ದಿನ ನಡೆಯುತ್ತದೆ, ನಡೆಯದ ದಿನ ಬತ್ತಿಯ ಹಿಟ್ಟು ತಟ್ಟೆಯಲ್ಲೇ ಒಣಗುತ್ತದೆ. ಹೇಮಲತಾ ಡಾಕ್ಟರನ್ನು ಹುಡುಕಿಕೊಂಡು ಒಬ್ಬಳೇ ಒಮ್ಮೆ ಹೋಗಿಬಂದಳು. ಅವರಿಗೆ ಬೇರೆ ಊರಿಗೆ ವರ್ಗವಾಗಿತ್ತು. ಅವರ ಜಾಗಕ್ಕೆ ಬಂದವರು ತಲೆಯೆತ್ತದೆ ಹಳೆಯ ಚೀಟಿ ಓದಿ, ಅದೇ ಮಾತ್ರೆಗಳನ್ನು ಬರೆದುಕೊಟ್ಟರು.

ನೋವಿನ ಬಗ್ಗೆ ಈಗ ಗಂಡಹೆಂಡತಿ ಮಾತಾಡುವುದಿಲ್ಲ. ಆದರೆ ಮೋಲ್ಡ್ ಇರುವ ದಿನಗಳಲ್ಲಿ ಬುತ್ತಿ ತೆಗೆದುಕೊಳ್ಳುವಾಗ ಸೋಮಪ್ಪನ ಕಣ್ಣು ಅವಳ ಗಿಣ್ಣುಗಳ ಮೇಲೆ ಒಂದು ಗಳಿಗೆ ನಿಲ್ಲುತ್ತದೆ. ನೋಡುವುದು ಹೆಂಡತಿಯನ್ನೋ ಮಳೆಯನ್ನೋ ಶೇಖವ್ವನಿಗೆ ತಿಳಿಯದು. ಅವಳು ಬುತ್ತಿಯನ್ನು ಮುಂಚೆಯೇ ಹೊಸ್ತಿಲ ಮೇಲಿಟ್ಟು, ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡು ಗೋಡೆಗೆ ಒರಗಿ ಕೂರುತ್ತಾಳೆ.