ಉಂಡೆಯಕ್ಕನ ಮೊಣಕೈ

ಥೂ, ಮತ್ತೆ ಅದೇ ಸ್ಟ್ರಾಬೆರಿ ವಾಸನೆ, ಒಡೆದ ಹಾಲಿಗೆ ಅತ್ತರು ಸುರಿದ ಹಾಗೆ, ಗಾಜಿನ ಮುಚ್ಚಳ ಸರಿಸಿದ ಕೂಡಲೇ ಮೂಗಿಗೆ ರಪ್ಪನೆ ಹೊಡೆಯುತ್ತದೆ, ಹನ್ನೆರಡು ವರ್ಷ ಈ ಐಸ್‌ಕ್ರೀಮ್ ಅಂಗಡಿಯಲ್ಲಿ ನಿಂತವಳಿಗೆ ಈಗ ಸಿಹಿ ಅಂದರೇ ಅಸಹ್ಯ, ಅಕ್ಕ, ಒಂದು ಸ್ಟ್ರಾಬೆರಿ ಕೊಡಿ, ಬೇಗ, ಅಪ್ಪನ ಹೆಗಲ ಮೇಲಿಂದ ಒಂದು ಮಗು ಮೂಗು ಸುರಿಸುತ್ತ ನೋಡುತ್ತಿದೆ, ಬಂದೆ ಮರಿ ಬಂದೆ — ಉಂಡೆ ತೆಗೆಯುವ ಸ್ಕೂಪು ಒತ್ತಿದಳು, ಕಲ್ಲು, ಅಪ್ಪಟ ಕಲ್ಲು, ಕರಗಬಾರದೆಂದು ಅಂಗಡಿ ಯಜಮಾನರು ಫ್ರೀಜರಿನ ಗುಂಡಿಯನ್ನು ತುದಿಗೆ ತಿರುಗಿಸಿಟ್ಟಿದ್ದಾರೆ, ಸ್ಕೂಪನ್ನು ಬಿಸಿನೀರಿಗೆ ಅದ್ದಿಕೊಳ್ಳಲಾ ಅಂದರೆ ನೀರು ಸೇರಿದ್ರೆ ರುಚಿ ಕೆಡುತ್ತಮ್ಮ, ರುಚಿಯಂತೆ ರುಚಿ! ಬೆರಳು ಬಿಗಿದು ಮಣಿಕಟ್ಟನ್ನು ಒಳಕ್ಕೆ ತಿರುಚಿದಳು, ಮೊಣಕೈಯ ಒಳಬದಿಯ ಮೂಳೆಯಲ್ಲಿ ಚಳಕ್ ಎಂದಿತು, ಅಲ್ಲಿಂದ ಮುಂಗೈಯುದ್ದಕ್ಕೂ ಕಾದ ತಂತಿ ಎಳೆದ ಹಾಗೆ, ದಿನಕ್ಕೆ ನಾನೂರು ಸಲ ಇದೇ ತಿರುಚಾಟ, ನಿನ್ನ ಉಂಡೆ ಅಂದ್ರೆ ಅಳತೆ ಹಾಕಿದ ಹಾಗಮ್ಮ ಎಂದು ಯಜಮಾನರು ಹೊಗಳಿದಾಗ ಉಬ್ಬಿಹೋದವಳು ಯಾರು, ಇವಳೇ, ಶಾಲೆ ಮಕ್ಕಳು ಉಂಡೆಯಕ್ಕ ಎಂದು ಹೆಸರಿಟ್ಟಾಗ ಹಲ್ಲು ಕಿರಿದವಳೂ ಇವಳೇ, ತನ್ನ ಮೇಲೆ ತನಗೇ ವಾಕರಿಕೆ ಬಂತು — ಕೈಗೆ ಬಲ ಸಾಲದು ಎಂದುಕೊಂಡು ಮೂರು ತಿಂಗಳು ಬಸ್ಸಿನಲ್ಲಿ ರಬ್ಬರ್ ಚೆಂಡು ಹಿಸುಕಿದಳಲ್ಲ, ಬೆವರಿಗೆ ಅಂಟಂಟಾದ ಹೊಲಸು ಚೆಂಡು, ದಿನವಿಡೀ ದುಡಿದ ಕೈಯನ್ನು ದಾರಿಯಲ್ಲೂ ದುಡಿಸಿದಳು, ಡಾಕ್ಟರು ತಲೆ ಚಚ್ಚಿಕೊಂಡರು, ಬಲ ಕಮ್ಮಿ ಆಗಿದ್ದಲ್ಲಮ್ಮ, ಎಳೆದೂ ಎಳೆದೂ ಸ್ನಾಯು ಮೂಳೆಗೆ ಅಂಟೋ ಜಾಗ ಹರೀತಾ ಇದೆ, ಆರು ವಾರ ಸ್ಕೂಪು ಮುಟ್ಟಬೇಡಿ, ಕಿರುಬೆರಳು ಜೋಮು ಹಿಡಿದ್ರೆ ಅವತ್ತೇ ಬನ್ನಿ, ನರಕ್ಕೂ ತಾಗಿದೆ ಅಂತ ಅರ್ಥ.

ಆರು ವಾರ! ಕೈಲಾಗದಿದ್ರೆ ಹೇಳ್ಬಿಡಮ್ಮ, ಬೇರೆಯವರನ್ನ ನಿಲ್ಲಿಸ್ತೀನಿ, ಯಾರು ನೋವೆಂದರೂ ಯಜಮಾನರ ಮಾತು ಅಷ್ಟೇ, ಅದಕ್ಕೇ ಬಾಯಿಗೆ ಬೀಗ, ಬೆಳಿಗ್ಗೆ ಮೊಣಕೈ ಮರಗಟ್ಟಿ ಎಡಗೈಯಲ್ಲಿ ಹಲ್ಲುಜ್ಜಿದ್ದು, ನಲ್ಲಿ ತಿರುಗಿಸಲು ಗಂಡನನ್ನು ಕರೆದದ್ದು, ಏನಾಯ್ತೇ ಕೈಗೆ, ಏನೂ ಇಲ್ಲ ಬಿಡಿ — ಅಯ್ಯೋ, ಹಿಡಿತ ಸಡಿಲಿತು, ಮೂರು ಸಲ ಕೆರೆದು ಮೆತ್ತಗಾದ ಉಂಡೆ ಕೋನಿನಿಂದ ಜಾರುತ್ತಿದೆ, ಗಲ್ಲಾದಲ್ಲಿ ಕೂತ ಯಜಮಾನರು ಕತ್ತೆತ್ತಿದರು, ಗಬಕ್ಕನೆ ಬರಿಗೈಯಿಂದಲೇ ಒತ್ತಿ ನಿಲ್ಲಿಸಿದಳು, ಛೀ, ಕೈ ಹಾಕ್ತೀರಲ್ರೀ, ಮಗುವಿನ ಅಪ್ಪ ಮುಖ ಕಿವುಚಿದ, ತೆಗಿಯಮ್ಮ ಕೈನ, ಯಜಮಾನರು ಎದ್ದೇಬಿಟ್ಟರು, ತೆಗೆದೆನಲ್ಲ ಸ್ವಾಮಿ, ಆಗಲೇ ತೆಗೆದೆ, ಯಾಕೆ ಎಲ್ಲರೂ ಅಲ್ಲೇ ನೋಡುತ್ತಿದ್ದಾರೆ, ಅವಳೂ ನೋಡಿದಳು — ಕಿರುಬೆರಳು ಎರಡನೇ ಗೆಣ್ಣಿನವರೆಗೆ ಗುಲಾಬಿ ಲೋಳೆಯಲ್ಲಿ ಹೂತಿದೆ, ಉಗುರ ಸುತ್ತ ಜೊಲ್ಲಿನಂತೆ ಇಳಿಯುತ್ತಿದೆ, ಯಾರದೋ ಬೆರಳು, ಥೂ, ಯಾರದು, ಅವಳದೇ, ಐಸಿನೊಳಗೆ ಹೂತಿದೆ, ತಣ್ಣಗೆನ್ನಿಸುತ್ತಿಲ್ಲ, ಹೂತಿದೆ, ತಣ್ಣಗೇ ಅನ್ನಿಸುತ್ತಿಲ್ಲ.