ಮೊದಲ ತಟ್ಟೆ

ಹಲ್ಲು ಬಿದ್ದವರಿಗೆ ಹಲ್ಲಿನ ಸೆಟ್ಟು ಮಾಡಿಕೊಡುವುದು ನನ್ನ ಕೆಲಸ. ಮೇಣದ ಒಸಡಿನಲ್ಲಿ ನಾನು ಹಲ್ಲುಗಳನ್ನು ಒಂದೊಂದಾಗಿ ಕೂರಿಸುತ್ತೇನೆ, ಪಕ್ಕದ ಮೇಜಿನಲ್ಲಿ ಸಣ್ಣಿ ಉಜ್ಜಿ ಹೊಳಪು ಕೊಡುತ್ತಾಳೆ. ಹೆಸರಿಗೆ ಸಣ್ಣಿ, ಅವಳು ಕೂತರೆ ಕುರ್ಚಿ ಕಾಣಿಸುವುದಿಲ್ಲ. ಹನ್ನೊಂದು ವರ್ಷ ಒಂದೇ ಡಬ್ಬಿಯಲ್ಲಿ ಉಂಡಿದ್ದೇವೆ. ಅವಳಿಗೆ ಜ್ವರ ಬಂದರೆ ಅವಳಮ್ಮ ಮೊದಲು ಫೋನ್ ಮಾಡುವುದು ನನಗೆ.

ಇಷ್ಟು ಚೆನ್ನಾಗಿದ್ದ ಕಡೆ ಈ ವರ್ಷ ಬಣ್ಣದವಳು ಬಂದು ವಕ್ಕರಿಸಿದಳು. ಹಲ್ಲಿಗೆ ಬಣ್ಣ ಹೊಂದಿಸುವುದು ಅವಳ ಕೆಲಸ. ಇಟಲಿಯಲ್ಲಿ ಎರಡು ವರ್ಷ ಇದ್ದು ಕಲಿತಳಂತೆ. ಬಂದು ಮೂರು ವಾರ ಆಗಿರಲಿಲ್ಲ, ಸಣ್ಣಿಯ ಬಾಯಲ್ಲಿ ಬರೀ ‘ಅವಳು ಹಾಗಂದ್ಲು, ಅವಳು ಹೀಗಂದ್ಲು.’ ನಾನು ಏನು ಹೇಳಿದರೂ ‘ಹೂಂ’ ಎನ್ನುವವಳು, ಬಣ್ಣದವಳು ಬಾಯಿ ತೆರೆದರೆ ಸಾಕು, ಬಿದ್ದು ಬಿದ್ದು ನಗುತ್ತಿದ್ದಳು. ನನಗೆ ಹೊಟ್ಟೆ ಉರಿಯುತ್ತಿತ್ತು. ಸುಳ್ಳು ಯಾಕೆ ಹೇಳಲಿ?

ವರ್ಷದ ಕೊನೆಯ ರಜೆಯಲ್ಲಿ ನಮ್ಮ ಗುಂಪಿನ ಊಟ ನನ್ನ ಮನೆಯಲ್ಲೇ. ನಾನು, ಸಣ್ಣಿ, ಅಚ್ಚು ಎರೆಯುವ ಪ್ಲಾಸ್ಟರಣ್ಣ, ಅವನ ಹೆಂಡತಿ. ಈ ಸಲ ಸಣ್ಣಿ, “ಇಟಲಿ ಊಟಾನೇ ಮಾಡೋಣ ಕಣೇ, ಹೇಗೂ ಇವಳಿದ್ದಾಳಲ್ಲ!” ಎಂದು ಕುಣಿದಳು. ನನ್ನನ್ನು ಒಂದು ಮಾತು ಕೇಳಲಿಲ್ಲ.

ಮಾರನೇ ದಿನ ಸಣ್ಣಿ ಬ್ಯಾಂಕಿಗೆ ಹೋಗಿದ್ದಾಗ ಬಣ್ಣದವಳು ನನ್ನ ಮೇಜಿಗೆ ಬಂದು, ಆರ್ಡರ್ ಚೀಟಿಯ ಬೆನ್ನ ಮೇಲೆ ಬರೆಯುತ್ತ ಹೇಳಿದಳು.

“ಅಲ್ಲಿ ಎಲ್ಲಾ ಒಟ್ಟಿಗೆ ಬಡಿಸಲ್ಲ. ಮೊದಲನೇ ತಟ್ಟೆ ಲಸಾನಿಯಾ, ಅದು ನಿಂದು. ಅಂಗೈಯಷ್ಟು ಕೊಟ್ರೆ ಸಾಕು. ಆಮೇಲೆ ದೊಡ್ಡ ತಟ್ಟೆ, ಕೋಳಿ. ಅದು ನಂದು. ಸಣ್ಣಿಗೆ ಮಾತ್ರ ಏನು ಅಂತ ಹೇಳ್ಬೇಡ, ಆಶ್ಚರ್ಯ ಆಗ್ಲಿ. ಆದ್ರೆ ಇನ್ನೊಂದು ಬರುತ್ತೆ, ಹೊಟ್ಟೇಲಿ ಜಾಗ ಇಟ್ಕೊಳ್ಳಿ ಅಂತ ಎಲ್ರಿಗೂ ಹೇಳ್ಬಿಡು. ಮನೆಯವಳು ನೀನು, ನೀನೇ ಹೇಳಿದ್ರೆ ಚಂದ.”

“ಅಯ್ಯೋ, ಅದೇನು ಮಹಾ? ಹೇಳ್ತೀನಿ ಬಿಡು,” ಎಂದೆ.

ದೊಡ್ಡ ತಟ್ಟೆ ಅವಳದಂತೆ, ಅಂಗೈಯಷ್ಟು ನನ್ನದಂತೆ! ನನ್ನ ಮನೆಯಲ್ಲಿ ನನಗೇ ಅಳತೆ ಹಾಕಿಕೊಟ್ಟಳು. ಅಲ್ಲಿಗೆ ಮನಸ್ಸಿನಲ್ಲಿ ತೀರ್ಮಾನವಾಯಿತು. ನಾನು ಯಾರಿಗೂ ಏನೂ ಹೇಳಲಿಲ್ಲ.

ಮೇಣದ ಹಾಳೆ ಲಟ್ಟಿಸಿ ಪಳಗಿದ ಕೈಗೆ ಲಸಾನಿಯಾದ ಹಿಟ್ಟಿನ ಹಾಳೆ ಯಾವ ಲೆಕ್ಕ? ಹಾಳೆಯ ಮೇಲೆ ಹಾಳೆ, ನಡುವೆ ಟೊಮೆಟೊ ಗೊಜ್ಜು, ಚೀಸು, ಬೆಣ್ಣೆಯಲ್ಲಿ ಹುರಿದ ಅಣಬೆ. ಐದು ಜನಕ್ಕೆ ಒಂದು ಟ್ರೇ ಸಾಕಿತ್ತು, ನಾನು ಮೂರು ಮಾಡಿದೆ. ಮಧ್ಯಾಹ್ನ ಬಣ್ಣದವಳು ಬಟ್ಟೆ ಸುತ್ತಿದ ಕಬ್ಬಿಣದ ಪಾತ್ರೆಯನ್ನು ಏದುಸಿರು ಬಿಡುತ್ತ ತಂದು ನನ್ನ ಒಲೆಗೇರಿಸಿದಳು. “ಇದನ್ನ ಬಿಟ್ಟು ಅಲ್ಲಾಡೋ ಹಾಗಿಲ್ಲ,” ಎಂದು ಅಡುಗೆಮನೆಯಲ್ಲೇ ನಿಂತಳು. ನನಗೂ ಅದೇ ಬೇಕಿತ್ತು. ಬಾಗಿಲು ಎಳೆದುಕೊಂಡು, ಊಟಕ್ಕೆ ಕೂತಿದ್ದವರ ಹತ್ತಿರ ಬಂದೆ.

ಬಡಿಸಿದೆ ನೋಡಿ, ಆವತ್ತು! “ಇನ್ನೊಂಚೂರು ಪ್ಲಾಸ್ಟರಣ್ಣ, ನಾಚ್ಕೋಬೇಡ.” “ಸಣ್ಣೀ, ಈ ಮೂಲೆ ಗರಿಗರಿ ಇದೆ, ನಿನಗೋಸ್ಕರ ಎತ್ತಿಟ್ಟೆ.” ಸಣ್ಣಿ ನಾಲ್ಕು ಸಲ ಹಾಕಿಸಿಕೊಂಡಳು. “ಅಬ್ಬಾ, ನಿನ್ನ ಕೈಗೆ ಚಿನ್ನದ ಬಳೆ ಹಾಕಿಸ್ಬೇಕು ಕಣೇ,” ಎಂದು ಕುರ್ಚಿಗೆ ಒರಗಿದಳು. ಎಷ್ಟು ತಿಂಗಳಾಗಿತ್ತು ಅವಳ ಬಾಯಿಂದ ಅಂಥ ಮಾತು ಕೇಳಿ! ಪ್ಲಾಸ್ಟರಣ್ಣನ ಹೆಂಡತಿ ಸೆರಗಿನ ಮರೆಯಲ್ಲಿ ಲಂಗದ ದಾರ ಸಡಿಲಿಸಿದ್ದನ್ನೂ ನೋಡಿದೆ. ನನಗೆ ಸ್ವರ್ಗ ಮೂರೇ ಗೇಣು.

ಆಗ ಬಣ್ಣದವಳು ಪಾತ್ರೆ ಹೊತ್ತು ಬಂದು ಮುಚ್ಚಳ ತೆಗೆದಳು. ಎರಡು ಇಡೀ ಕೋಳಿ, ನಿಂಬೆ, ಇಡಿಇಡಿಯಾದ ಬೆಳ್ಳುಳ್ಳಿ, ಹೊಂಬಣ್ಣದ ಚರ್ಮ.

“ಇನ್ನೂ ಇದೆಯಾ?” ಎಂದ ಪ್ಲಾಸ್ಟರಣ್ಣ. “ನನಗೆ ಉಸಿರಾಡೋಕೂ ಜಾಗ ಇಲ್ವಲ್ಲಮ್ಮ!”

ಅವಳು ಎಲ್ಲರ ತಟ್ಟೆ ನೋಡಿದಳು. ಮೆತ್ತಿದ ಗೊಜ್ಜು, ಚೀಸಿನ ಎಳೆ. ಆಮೇಲೆ ನನ್ನ ತಟ್ಟೆ ನೋಡಿದಳು. ಬಡಿಸುವ ಹುಮ್ಮಸ್ಸಿನಲ್ಲಿ ನಾನು ಒಂದೇ ಒಂದು ತುಣುಕು ಹಾಕಿಕೊಂಡಿದ್ದೆ, ಅಂಗೈಯಷ್ಟು. ಅವಳ ಮುಖ ಅರಳಿತು.

“ಸದ್ಯ! ನೀನೊಬ್ಬಳಾದ್ರೂ ನಾನು ಹೇಳಿದ್ದು ನೆನಪಿಟ್ಕೊಂಡು ಜಾಗ ಉಳಿಸ್ಕೊಂಡಿದೀಯ,” ಎನ್ನುತ್ತ ದೊಡ್ಡ ತುಂಡೊಂದನ್ನು ನನ್ನ ತಟ್ಟೆಗೆ ಹಾಕಿದಳು. ಅದರಲ್ಲಿ ಒಂದು ಚೂರೂ ಕೊಂಕಿರಲಿಲ್ಲ. ಇದ್ದಿದ್ದರೆ ಜಗಳವಾಡಬಹುದಿತ್ತು.

ಸಣ್ಣಿ ನೆಟ್ಟಗೆ ಕೂತಳು. “ಇವಳಿಗೆ ಹೇಳಿದ್ಯಾ?”

“ಹೂಂ, ಎಲ್ರಿಗೂ ಹೇಳು ಅಂದಿದ್ದೆ. ಪಾಪ, ಕೆಲಸದ ಗಡಿಬಿಡೀಲಿ ಮರೆತಿರಬೇಕು.”

ಸಣ್ಣಿ ನನ್ನನ್ನು ನೋಡಿದಳು. ಹನ್ನೊಂದು ವರ್ಷದಲ್ಲಿ ನಾನು ಏನನ್ನೂ ಮರೆತವಳಲ್ಲ, ಅದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬೈದಿದ್ದರೆ ಎಷ್ಟೋ ವಾಸಿಯಿತ್ತು. ನಾನು ಇಂಗು ತಿಂದ ಮಂಗನ ಹಾಗೆ ಕೂತಿದ್ದೆ.

ಸಂಜೆ ಎಲ್ಲರೂ ಎದ್ದರು. ತುಂಬಿದ ಪಾತ್ರೆಯನ್ನು ಎತ್ತಲು ಬಣ್ಣದವಳು ತಿಣುಕಾಡಿದಳು. ಸಣ್ಣಿ ಹೋಗಿ ಇನ್ನೊಂದು ಹಿಡಿಕೆ ಹಿಡಿದಳು.

“ನಡಿ, ನಿನ್ನ ಮನೇಗೆ ಹೋಗೋಣ. ರಾತ್ರಿ ಹೊತ್ತಿಗೆ ಹಸಿವಾಗುತ್ತೆ, ಅಲ್ಲೇ ಕೂತು ತಿನ್ನೋಣ. ನಾಳೇನೂ ರಜಾನೇ ಅಲ್ವಾ, ಅಲ್ಲೇ ಉಳ್ಕೋತೀನಿ.”

“ನೀನೂ ಬಾರೇ,” ಎಂದಳು ಬಣ್ಣದವಳು ನನಗೆ. ಸಣ್ಣಿ ಬಾ ಎನ್ನಲಿಲ್ಲ.

“ನನಗೆ ಪಾತ್ರೆ ತೊಳೆಯೋದಿದೆ,” ಎಂದೆ.

ಮೆಟ್ಟಿಲಿಳಿಯುವಾಗ ಪಾತ್ರೆ ವಾಲಿತು. ಇಬ್ಬರೂ ಒಟ್ಟಿಗೆ “ಅಯ್ಯೋ!” ಎಂದು ಕೂಗಿ ನಗತೊಡಗಿದರು. ಬೀದಿಯ ತಿರುವಿನವರೆಗೂ ಸಣ್ಣಿಯ ನಗು ಕೇಳಿಸುತ್ತಿತ್ತು. ನಾನು ಒಳಗೆ ಬಂದು, ತಟ್ಟೆಯಲ್ಲಿ ಆರಿಹೋಗಿದ್ದ ಕೋಳಿಯ ತುಂಡನ್ನು ನಿಂತುಕೊಂಡೇ ತಿಂದೆ. ಚೆನ್ನಾಗಿತ್ತು.