ಕೀಲೆಣ್ಣೆ ಕುಡಿದ ಬ್ರೇಕು

ಬಸ್ಸಪ್ಪನಿಗೆ ಮೊದಲು ಸುಳಿವು ಕೊಟ್ಟದ್ದು ಮೂಗು. ಮಸ್ಕಿ ಬಿಟ್ಟು ಲಿಂಗಸುಗೂರಿನ ಹಾದಿ ಹಿಡಿದ ಬಸ್ಸಿನ ಹಿಂದಿನ ಗಾಲಿಯಿಂದ ಸುಟ್ಟ ಹರಳೆಣ್ಣೆಯ ಕಮಟು ಬರುತ್ತಿತ್ತು. ಫುಟ್‌ಬೋರ್ಡಿನ ಮೇಲೆ ನಿಂತಿದ್ದ ಅವನು ಬಗ್ಗಿ ಗಾಲಿಯತ್ತ ನೋಡಿದ.

ಒಳಗೆ ಅವನ ಮಗಳು ಹೊನ್ನೂರಮ್ಮ ಸೀಟಿನ ಮೇಲೆ ಮುದುಡಿ ಮಲಗಿದ್ದಳು. ರಾತ್ರಿಯಿಂದ ಬೇನೆ. ಕೂಸು ಅಡ್ಡ ತಿರುಗಿದೆ, ಇದು ನನ್ನ ಕೈ ಮೀರಿದ್ದು, ದವಾಖಾನೆಗೆ ಒಯ್ಯಿರಿ ಎಂದ ಸೂಲಗಿತ್ತಿ ಮಕ್ತುಂಬೀ ತಾನೂ ಜೊತೆಗೆ ಹತ್ತಿದ್ದಳು.

ಬಸ್ಸಿನ ಬ್ರೇಕಿಗೆ ಆ ವಾರವಷ್ಟೇ ಹೊಸ ಪಟ್ಟಿ ಹಾಕಿಸಿದ್ದರು. ಕಲ್ನಾರಿನ ನೂಲಿಗೆ ಹಿತ್ತಾಳೆ ತಂತಿ ಸೇರಿಸಿ ನೇಯ್ದು, ರಾಳ ಕುಡಿಸಿ ಗಟ್ಟಿ ಮಾಡಿದ ಪಟ್ಟಿ. ಬ್ರೇಕ್ ತುಳಿದು ಅದು ಗಾಲಿಯ ಡ್ರಮ್ಮಿಗೆ ಒತ್ತಿದಾಗಲೆಲ್ಲ ಕಿರ್ರೆಂದು ಅರಚುತ್ತಿತ್ತು.

"ಅರಚಲಿ ಬಿಡು ಕಾಕಾ," ಎಂದಿದ್ದ ಡ್ರೈವರ್ ಅಮೀನ್‌ಸಾಬ್. "ನೇಯ್ದದ್ದಂದ್ರ ಉಬ್ಬು ತಗ್ಗು ಇರ್ತಾವ. ಉಬ್ಬಿದ ಎಳಿ ಸವದು ಮಟ್ಟಸ ಆದ ಮ್ಯಾಲ ತಾನ ಸುಮ್ಮನಾಗ್ತದ."

ಬಸ್ಸಪ್ಪ ಈ ಬಸ್ಸಿಗೆ ಕ್ಲೀನರ್ ಆಗಿ ಬಂದು ವರ್ಷವಾಗಿರಲಿಲ್ಲ. ಅದಕ್ಕೆ ಮೊದಲು ಆಯುಷ್ಯವೆಲ್ಲ ಬಂಡಿ ಹೊಡೆದವನು. ಕೂಗುವ ಗಾಲಿ ಅವನ ಪಾಲಿಗೆ ಮೈಗಳ್ಳತನದ ಗುರುತು. ಬೇನೆ ತಿನ್ನುವ ಮಗಳ ಕಿವಿಗೆ ಆ ಅರಚಾಟ ಬೀಳಬಾರದೆಂದು, ಬಸ್ಸು ಹೊರಡುವ ಮೊದಲು ಯಾರನ್ನೂ ಕೇಳದೆ, ಬಂಡಿಯ ಅಚ್ಚಿಗೆ ಹಾಕುವಂತೆ ನಾಲ್ಕೂ ಡ್ರಮ್ಮುಗಳ ಸಂದಿಗೆ ಹರಳೆಣ್ಣೆಯ ಕೀಲೆಣ್ಣೆ ಬಿಟ್ಟಿದ್ದ.

ಮುಂದೆ ಆಡಿನ ಹಿಂಡು ಅಡ್ಡ ಬಂತು. ಅಮೀನ್‌ಸಾಬ್ ಬ್ರೇಕ್ ತುಳಿದ. ಸದ್ದೇ ಇಲ್ಲ. ಬಸ್ಸು ಬೆಣ್ಣೆಯ ಮೇಲೆ ಹೋದಂತೆ ಹೋಯಿತು. ಕುರುಬನು ಬೈಯುತ್ತ ಆಡುಗಳನ್ನು ಎಳೆದುಕೊಂಡ. ಬಸ್ಸು ಎದುರಿನ ಏರು ಹತ್ತಿ, ಸೋತು, ತಾನಾಗಿಯೇ ನಿಂತಿತು. ಬಸ್ಸಪ್ಪ ಹಾರಿ ಗಾಲಿಗೆ ಕಲ್ಲು ಕೊಟ್ಟ.

"ಹೊಸಾ ಪಟ್ಟಿ ಐತಲೇ! ಏನಾತಿದಕ್ಕ?" ಅಮೀನ್‌ಸಾಬ್ ಇಳಿದು ಬಂದ.

ಗೊತ್ತಿಲ್ಲ ಎನ್ನುವ ಮಾತು ಬಸ್ಸಪ್ಪನ ನಾಲಿಗೆಯ ತುದಿಗೇ ಬಂದಿತ್ತು. ಒಳಗೆ ಹೊನ್ನೂರಮ್ಮ ನರಳಿದಳು.

"ನಾನ ಎಣ್ಣಿ ಬಿಟ್ಟೀನಪಾ. ಕೂಗಾಕತ್ತಿತ್ತಂತ."

ಅಮೀನ್‌ಸಾಬ್ ಬಗ್ಗಿ ಡ್ರಮ್ಮಿನ ಸಂದಿ ಮೂಸಿದ.

"ಒರಸಿದ್ರ ಹೋಗಂಗಿಲ್ಲೇನು?" ಎಂದ ಬಸ್ಸಪ್ಪ.

"ಅದೇನ್ ಕಬ್ಬಿಣ ಏನೋ ಮಾರಾಯಾ? ಬಟ್ಟಿ! ಎಳಿ ಎಳೀನೂ ಕುಡದದ. ಮ್ಯಾಲ ಒರಸಿದ್ರ, ಕಾದಂಗ ಕಾದಂಗ ಒಳಗಿಂದು ಜಿನುಗತದ. ಮುಂದ ಹಳ್ಳದ ಇಳಕಲು. ಈ ಬಸ್ಸಿನ ಗೇರ್ ನಡುವ ಜಾರತದ, ಅದನ್ನ ನಂಬಿ ಹೆಂಗ ಇಳಿಸ್ಲಿ?"

ಮಕ್ತುಂಬೀ ಕಿಟಕಿಯಿಂದ ತಲೆ ಹಾಕಿದಳು. "ನಿಮ್ಮ ಪಂಚಾಯ್ತಿ ಆಮ್ಯಾಲ ಮಾಡ್ಕೋರಿ. ಈ ಹುಡುಗಿಗೆ ಹೊತ್ತಿಲ್ಲ."

ಬಸ್ಸಪ್ಪ ಏಣಿ ಹತ್ತಿ, ಮೇಲಿನ ಗಂಟುಮೂಟೆ ಕಟ್ಟಿದ್ದ ಸೆಣಬಿನ ಹಗ್ಗ ಬಿಚ್ಚಿ, ಬಸ್ಸಿನ ಹಿಂಭಾಗಕ್ಕೆ ಬಿಗಿದ. ಭಾರದ ಬಂಡಿಯನ್ನು ಇಳಿಜಾರಿನಲ್ಲಿ ಹಿಂದಿನಿಂದ ಹಗ್ಗ ಹಿಡಿದು ಇಳಿಸುವುದು ಅವನಿಗೆ ಗೊತ್ತಿದ್ದ ಕೆಲಸ. ಗಂಡಸರೆಲ್ಲ ಇಳಿದರು.

"ಟಿಕೀಟ್ ತಗೊಂಡು ಬಸ್ ಎಳೀಬೇಕೇನಪ?" ಎಂದ ಸಿಂಧನೂರಿನ ಅಕ್ಕಿ ವ್ಯಾಪಾರಿ ಅಮರಗುಂಡಪ್ಪ.

"ಎಳಿಯೂದಲ್ರೀ ಸಾವ್ಕಾರ್ರ, ಹಿಡಿಯೂದು," ಎಂದ ಬಸ್ಸಪ್ಪ. ಸಾವ್ಕಾರ ಕೋಟು ಬಿಚ್ಚಿಟ್ಟು ಹಗ್ಗಕ್ಕೆ ಕೈ ಹಾಕಿದ.

"ತಳಕ್ಕ ಹೋದಕೂಡ್ಲೆ ಬಿಡ್ರಿ," ಎಂದ ಅಮೀನ್‌ಸಾಬ್. "ಆ ಓಟದಾಗ ದಂಡಿ ಏರಿ ಹೋಗ್ತೀನಿ. ನಿಮ್ಮನ್ನ ಹತ್ತಿಸ್ಕೊಳ್ಳಾಕ ನಿಲ್ಸಂಗಿಲ್ಲ."

ಇಳಕಲಿನ ನಡುವೆ ಗೇರು ಜಾರಿತು. ಹಗ್ಗ ಎಲ್ಲರನ್ನೂ ಒಮ್ಮೆಲೇ ಸೆಳೆಯಿತು. ಮುಂದಿದ್ದಿಬ್ಬರು ಮುಗ್ಗರಿಸಿ ಬಿದ್ದರು. ಹಗ್ಗ ಬಸ್ಸಪ್ಪನ ಅಂಗೈಯೊಳಗೆ ಓಡಿತು, ಚರ್ಮ ಸುಲಿಯಿತು, ಅವನು ಬಿಡಲಿಲ್ಲ. ಹಿಮ್ಮಡಿ ಕಲ್ಲಿಗೆ ಕೊಟ್ಟು ಹಿಂದಕ್ಕೆ ವಾಲಿದ. ಬೆನ್ನ ಹಿಂದೆ ಅಮರಗುಂಡಪ್ಪ ಶಿವನನ್ನೂ ಬಸ್ಸನ್ನೂ ಒಟ್ಟಿಗೆ ಬೈಯುತ್ತಿದ್ದ. ಓಟ ತಗ್ಗಿತು. ಗೇರು ಮತ್ತೆ ಕೂತ ಸದ್ದು ಕೇಳಿತು.

"ಬಿಡ್ರಿ!"

ಬಸ್ಸು ನೀರು ಸೀಳಿ, ಆಚೆ ದಂಡೆ ಏರಿ, ಧೂಳಿನಲ್ಲಿ ಮರೆಯಾಯಿತು.

ಲಿಂಗಸುಗೂರು ಇನ್ನೂ ಒಂದು ಹರದಾರಿ, ಮೂರು ಮೈಲಿ. ಉಳಿದವರು ಬೇವಿನ ನೆರಳಿಗೆ ಕುಳಿತರು. ಬಸ್ಸಪ್ಪ ಟವೆಲ್ಲು ಹರಿದು ಕೈಗೆ ಸುತ್ತಿಕೊಂಡು ನಡೆಯತೊಡಗಿದ. ಕಣ್ಣು ನೆಲದ ಮೇಲೆ. ಧೂಳಿನಲ್ಲಿ ಗಾಲಿಯ ಗುರುತು. ಪ್ರತಿ ಇಳಿಜಾರಿನಲ್ಲೂ ಅವನು ಹೆಜ್ಜೆ ಚುರುಕು ಮಾಡುತ್ತಿದ್ದ. ಒಂದು ಕಡೆ ಗುರುತು ಹಾದಿ ಬಿಟ್ಟು ಜೋಳದ ಹೊಲಕ್ಕೆ ಇಳಿದಿತ್ತು. ಬಸ್ಸಪ್ಪ ಓಡಿದ. ಅಡ್ಡಬಿದ್ದ ದಂಟುಗಳ ಆಚೆ ಗುರುತು ಮತ್ತೆ ಹಾದಿಗೆ ಹತ್ತಿತ್ತು. ಅಲ್ಲೇ ಕುಕ್ಕರಿಸಿ ಕುಳಿತು, ಉಸಿರು ತೆಗೆದುಕೊಂಡು, ಮತ್ತೆ ಎದ್ದ.

ದವಾಖಾನೆಯ ಮುಂದೆ ಬಸ್ಸು ಮರಳಿನ ಗುಡ್ಡೆಗೆ ಮೂತಿ ಹೂತು ನಿಂತಿತ್ತು. ಗಾಲಿ ಬಿಚ್ಚುತ್ತಿದ್ದ ಅಮೀನ್‌ಸಾಬ್ ತಲೆಯೆತ್ತಿದ.

"ಹೆಣ್ಣು. ತಾಯಿ ಅದಾಳ, ಕೂಸು ಅದ. ಹೋಗಿ ನೋಡು."

ಬಸ್ಸಪ್ಪ ದವಾಖಾನೆಯ ಬಾಗಿಲ ಕಡೆ ತಿರುಗಿದ.

"ನೋಡಿ ಲಗೂನ ಬಾ," ಎಂದ ಅಮೀನ್‌ಸಾಬ್, ಎಣ್ಣೆ ಕುಡಿದು ಕರ್ರಗಾದ ಪಟ್ಟಿಯನ್ನು ನೆಲಕ್ಕೆ ಒಗೆದು. "ನಾಲ್ಕೂ ಗಾಲಿದು ಬಿಚ್ಚೂದೈತಿ. ನೀನ ಬಿಚ್ಚಬೇಕು."